ಎರಡನೇ ಬದಿಯ ಹಾಡು

ನನ್ನ ಬಾಯಲ್ಲಿರುವ ಹಲ್ಲುಗಳಲ್ಲಿ ಒಂದೂ ನನ್ನದಲ್ಲ. ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ಪಕ್ಕದ ಮನೆಯ ಸೊಸೆ ಕಟ್ಟಿಕೊಟ್ಟಳು. ಹಾಗಾಗಿ ಅವಳ ವಿಷಯ ನಾನು ಏನು ಹೇಳಿದರೂ ಅದು ಅವಳ ಹಲ್ಲಿನ ನಡುವೆಯೇ ನುಸುಳಿ ಬರಬೇಕು. ಸುಳ್ಳು ಹೇಳಿದರೆ ನಾಲಿಗೆ ಕಚ್ಚೀತು ಎಂಬ ಅಂಜಿಕೆ ನನಗೆ ಇದ್ದೇ ಇದೆ.

ಬೀದಿಯಲ್ಲಿ ಅವಳಿಗೆ ಹಲ್ಲಕ್ಕ ಎಂದೇ ಹೆಸರು. ಅವಳು ಡಾಕ್ಟರಲ್ಲ. ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿಟ್ಟು ಇವಳಿಗೆ ಕಳಿಸುತ್ತಾರೆ. ಇವಳು ಅದಕ್ಕೆ ಪ್ಲಾಸ್ಟರು ಸುರಿದು ಬಾಯಿಯ ನಕಲು ಮಾಡಿಕೊಂಡು, ಗುಲಾಬಿ ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ನೆಟ್ಟು, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸಬೇಕು. ಮನೆಯ ಹಿಂದಿನ ಕೋಣೆಯೇ ಅವಳ ಕಾರ್ಖಾನೆ. ಅಲ್ಲಿ ಕಿಟಕಿಯ ಕಟ್ಟೆಯ ಮೇಲೆ ಊರಿನ ಅರ್ಧಕ್ಕರ್ಧ ಮುದುಕರ ಬಾಯಿಗಳು ಸಾಲಾಗಿ ಒಣಗುತ್ತಿರುತ್ತವೆ. ಸುಮ್ಮನಿರುವ ಬಾಯಿಗಳನ್ನು ನಮ್ಮ ಬೀದಿಯಲ್ಲಿ ನೋಡಬೇಕಾದರೆ ಅಲ್ಲಿಗೇ ಹೋಗಬೇಕು.

ಆ ಕೋಣೆಗೂ ನನ್ನ ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ. ಅವಳ ಪಾಲಿಶ್ ಮೋಟಾರು ಶುರುವಾಯಿತೆಂದರೆ ನನ್ನ ಗಡಿಯಾರ ಗಡಗಡ ನಡುಗುತ್ತದೆ. ನಾನೋ ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿ ರಿಟೈರ್ ಆದವನು. ಬಸ್ಸು ತುಸು ತಡವಾದರೂ ಡ್ರೈವರಿಗೆ ಮಂಗಳಾರತಿ ಎತ್ತದೆ ಬಿಟ್ಟವನಲ್ಲ. ಗಡಿಯಾರ ನಡುಗಿದರೆ ಸುಮ್ಮನಿರುತ್ತೇನೆಯೇ? ಜಗಳ ಮಾಡಲೆಂದೇ ಮೊದಲ ಸಲ ಅವಳ ಕೋಣೆಗೆ ಹೋದೆ. ಬಾಗಿಲು ಬಡಿದೆ, ಕೂಗಿದೆ, ಊಹೂಂ. ಇಣುಕಿ ನೋಡಿದರೆ ಕಿವಿಗೆ ದಪ್ಪನೆಯ ಹೆಡ್‌ಫೋನ್ ಹಾಕಿಕೊಂಡು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಯಾರದೋ ಕೆಳದವಡೆಯನ್ನು ಚಕ್ರಕ್ಕೆ ಹಿಡಿದು ಭುಜ ಕುಣಿಸುತ್ತ ನಿಂತಿದ್ದಾಳೆ. ಜಗಳ ಕಾಯಲು ಹೋದವನು ನಗು ತಡೆಯಲಾರದೆ ವಾಪಸು ಬಂದೆ.

ಆ ಹೆಡ್‌ಫೋನಿನೊಳಗೆ ಆಗಲೂ ಈಗಲೂ ಇರುವುದು ಒಂದೇ ಆಲ್ಬಂ. ಓದುವ ಕಾಲದಲ್ಲಿ ಹಾಸ್ಟೆಲಿನ ಗೆಳತಿಯೊಬ್ಬಳು ಕೊಟ್ಟ ರಾಕ್ ಕ್ಯಾಸೆಟ್ಟು. ದೂರದೇಶದ ನಾಲ್ವರು ಹುಡುಗರ ತಂಡವಂತೆ. ಇದೊಂದು ಆಲ್ಬಂ ಮಾಡಿ, ಕಿತ್ತಾಡಿಕೊಂಡು ದಿಕ್ಕಾಪಾಲಾದರಂತೆ. ತಂಡದ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ಹೊರಳಿದರೂ ನಿಮಗೆ ಗೊತ್ತಿರಲಾರದು. ಕವರಿನ ಮೇಲೆ ನೀರಿಲ್ಲದ ಈಜುಕೊಳ, ಅದರ ತಳದಲ್ಲಿ ಒಂದು ಖಾಲಿ ಕುರ್ಚಿ.

"ಈಜೋಕೆ ಬಂದವನು ಕುರ್ಚಿ ಯಾಕಮ್ಮ ತಂದ?" ಎಂದು ಕೇಳಿದೆ.

"ನೀರು ಬರೋ ತನಕ ಕೂತ್ಕೊಳ್ಳೋಕೆ ಮಾಮ," ಎಂದಳು.

ಅವಳು ನನಗೆ ಅದನ್ನು ಕೇಳಿಸದೆ ಬಿಡಲಿಲ್ಲ. ಮೊದಲ ಸಲ ಕೇಳಿದಾಗ ತಗಡಿನ ಮಾಡಿನ ಮೇಲೆ ಯಾರೋ ಜಲ್ಲಿ ಸುರಿದಂತಾಯಿತು. ಹಾಡುವವನಿಗೆ ಗಂಟಲಿದೆಯೋ ಗರಗಸವಿದೆಯೋ ತಿಳಿಯಲಿಲ್ಲ. ಹಾಗೆಂದು ಹೇಳಿಯೂಬಿಟ್ಟೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. "ಅವನಿಗೆ ಹಾಡೋಕೆ ಬರಲ್ಲ ಮಾಮ, ಅದಕ್ಕೇ ಚೆನ್ನಾಗಿದೆ. ಹಾಡೋಕೆ ಬರೋರು ರಾಗ ನೋಡ್ಕೋತಾರೆ. ಇವನು ಹೇಳ್ಬೇಕಾಗಿರೋದನ್ನ ನೋಡ್ಕೋತಾನೆ," ಎಂದಳು. ಆಮೇಲೆ ನನ್ನ ಹಲ್ಲಿನ ಅಳತೆ, ತಿದ್ದುಪಡಿ ಎಂದು ಹೋದಾಗಲೆಲ್ಲ ಒಂದೊಂದು ಹಾಡನ್ನು ಬಿಡಿಸಿ ಬಿಡಿಸಿ ತೋರಿಸಿದಳು. ಇಲ್ಲಿ ಎಡಗಿವಿಯಲ್ಲಿ ಒಂದು ಗಿಟಾರು ಗೊಣಗುತ್ತದೆ, ಬಲಗಿವಿಯಲ್ಲಿ ಇನ್ನೊಂದು ಅದಕ್ಕೆ ಎದುರು ಮಾತಾಡುತ್ತದೆ, ಗಂಡ ಹೆಂಡತಿಯ ಹಾಗೆ. ಇಲ್ಲಿ ದಪ್ಪ ತಂತಿಯ ಗಿಟಾರಿನವನು ಬಾಯಿಬಿಡದೆ ಇಡೀ ಮನೆ ಹೊರುತ್ತಾನೆ, ಯಾರೂ ಅವನನ್ನು ಕೇಳುವುದಿಲ್ಲ, ಅವನು ನಿಂತರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ಕೇಳುತ್ತ ಕೇಳುತ್ತ ಜಲ್ಲಿಯ ನಡುವೆ ನನಗೂ ಒಂದೆರಡು ದಾರಿ ಕಂಡವು. ಇಷ್ಟವಾಯಿತೆಂದು ಹೇಳಲಾರೆ. ಆದರೆ ಇಷ್ಟಪಡುವವಳನ್ನು ನೋಡುವುದು ಇಷ್ಟವಾಯಿತು.

ಕ್ಯಾಸೆಟ್ಟಿನ ಮೊದಲ ಬದಿಯಲ್ಲಿ ಪುಟ್ಟ ಪುಟ್ಟ ಹಾಡುಗಳು. ಎರಡನೇ ಬದಿ ಪೂರ್ತಿ ಒಂದೇ ಹಾಡು. "ಮೊದಲನೇ ಬದಿ ಕೆಲಸಕ್ಕೆ, ಎರಡನೇ ಬದಿ ನನಗೆ," ಎನ್ನುತ್ತಿದ್ದಳು. ಆ ಉದ್ದನೆಯ ಹಾಡಿನ ನಡುವೆ ಒಂದು ಜಾಗವಿದೆ. ಎಲ್ಲ ವಾದ್ಯಗಳೂ ಒಂದೊಂದಾಗಿ ಕಳಚಿಕೊಳ್ಳುತ್ತವೆ. ಹಾಡುವವನೊಬ್ಬನೇ ಉಳಿಯುತ್ತಾನೆ, ಅವನ ದನಿಯೂ ಒಡೆಯುತ್ತದೆ, ಆಮೇಲೆ ಅವನೂ ಇಲ್ಲ. ಬರೀ ಮೌನ. ಮುಗಿದೇಹೋಯಿತು ಅಂದುಕೊಳ್ಳುವಾಗ ಡ್ರಮ್ಮಿನವನು ವಾಪಸು ಬರುತ್ತಾನೆ, ಬರಬೇಕಾದ ಕ್ಷಣಕ್ಕಿಂತ ಒಂದು ಗುಟುಕು ತಡವಾಗಿ.

"ತಡ ಮಾಡ್ದ! ಇವನಿಗೆ ಮೆಮೊ ಕೊಡ್ಬೇಕು," ಎಂದೆ ನಾನು.

"ಅದೇ ಮಾಮ ಅದೇ," ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತ. "ಇನ್ನು ಬರಲ್ಲ ಅಂದ್ಕೊಂಡ್ಬಿಡ್ತೀವಿ. ಬರ್ತಾನೆ."

ಒಂದು ಸಲ ಪಾಲಿಶ್ ಮಾಡುತ್ತಿರುವಾಗಲೇ ಆ ಜಾಗ ಬಂದು, ಅವಳ ಕೈ ಎಗರಿ, ಒಬ್ಬರ ಮೇಲುದವಡೆಯ ಅಂಗುಳ ತೂತಾಯಿತು. ಆ ಒಬ್ಬರು ನಾನೇ. ಮತ್ತೆ ಮೊದಲಿಂದ ಕಟ್ಟಬೇಕಾಯಿತು, ಅಲ್ಲಿಯವರೆಗೆ ಗಂಜಿ ಕುಡಿದೆ. ಅಂದಿನಿಂದ ಅವಳು ಒಂದು ನಿಯಮ ಮಾಡಿಕೊಂಡಳು: ಎರಡನೇ ಬದಿ ಶುರುವಾದರೆ ಮೋಟಾರು ಬಂದ್. ಕುರ್ಚಿಗೆ ಒರಗಿ, ಕಣ್ಣುಮುಚ್ಚಿ, ಹಾಡು ಮುಗಿಯುವ ತನಕ ಅವಳು ಯಾರಿಗೂ ಸೊಸೆಯಲ್ಲ, ಹೆಂಡತಿಯಲ್ಲ, ಹಲ್ಲಕ್ಕನೂ ಅಲ್ಲ. ಮಧ್ಯಾಹ್ನದ ಆ ಹೊತ್ತಿಗೆ ನನ್ನ ಗಡಿಯಾರದ ನಡುಕ ನಿಲ್ಲುತ್ತಿತ್ತು. ಅದನ್ನೇ ಕಾದು ನಾನೊಂದು ಸಣ್ಣ ನಿದ್ದೆ ಹೊಡೆಯುತ್ತಿದ್ದೆ. ಈ ನಿಯಮ ನಮ್ಮಿಬ್ಬರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಆ ಮನೆಯಲ್ಲಿ ಇರುವವರು ನಾಲ್ವರು. ಹಲ್ಲಕ್ಕ. ಅವಳ ಗಂಡ, ಕಾರು ಕಲಿಸುವ ಮೇಷ್ಟ್ರು. ಅವನ ಕಾರಿನಲ್ಲಿ ಅವನ ಕಾಲ ಕೆಳಗೂ ಒಂದು ಬ್ರೇಕಿದೆ. ಕಲಿಯುವವನು ಒತ್ತುವ ಮೊದಲೇ ತಾನು ಒತ್ತಿ ಒತ್ತಿ, ಮನೆಯಲ್ಲೂ ಎದುರಿನವರು ಉತ್ತರ ಕೊಡುವ ಮೊದಲೇ ತಾನೇ ಕೊಟ್ಟುಬಿಡುತ್ತಾನೆ. ಕೆಟ್ಟವನಲ್ಲ, ಬಾಯಿ ಮಾತ್ರ ದೊಡ್ಡದು. ಅವನ ತಮ್ಮ, ಹಲ್ಲಕ್ಕನ ಮೈದುನ, ಎಲೆಕ್ಟ್ರಿಷಿಯನ್. ಅವನಿಗೆ ಮನೆಯವರಿಟ್ಟ ಹೆಸರು ಅರೆಬರೆ. ಫ್ಯಾನಿಗೆ ವೈರು ಎಳೆದರೆ ಸ್ವಿಚ್ಚು ನಾಳೆ, ಸ್ವಿಚ್ಚು ಹಾಕಿದರೆ ಅದರ ಮುಚ್ಚಳ ನಾಡಿದ್ದು. ಇನ್ನು ಈ ಇಬ್ಬರ ತಾಯಿ, ಮಂಡಿನೋವಿನ ಹೆಂಗಸು, ಗೋಡೆ ಹಿಡಿದು ನಡೆಯುವವರು. ಸೊಸೆಗೂ ಅವರಿಗೂ ಹೊಂದಾಣಿಕೆ ಚೆನ್ನಾಗಿತ್ತು, ಅಂದರೆ ದಿನಕ್ಕೊಮ್ಮೆಯಾದರೂ ಜಗಳವಾಡಿ ಮತ್ತೆ ಸರಿಹೋಗುವಷ್ಟು ಚೆನ್ನಾಗಿತ್ತು.

ಮೋಟಾರು ತಿರುಗುವಾಗ ಅತ್ತೆ ಕೂಗಿದರೆ ಸೊಸೆಗೆ ಕೇಳದು. ಇದಕ್ಕೆ ಅರೆಬರೆ ಒಂದು ಉಪಾಯ ಹೂಡಿದ. ಬಚ್ಚಲಿನಲ್ಲಿ ಒಂದು ದಾರ ತೂಗುಹಾಕಿದ. ಅದನ್ನು ಎಳೆದರೆ ಹಿಂದಿನ ಕೋಣೆಯಲ್ಲಿ, ಮೋಟಾರಿನ ನೇರ ಮೇಲೆ, ಕೆಂಪು ಬಲ್ಬು ಹತ್ತಬೇಕು. ದಾರ ಬಿಟ್ಟರೆ ಆರಬೇಕು. ಈ ಒಂದು ಕೆಲಸವನ್ನು ಅವನು ಶುರುಮಾಡಿದ ದಿನವೇ ಮುಗಿಸಿದ, ಮುಚ್ಚಳ ಸಮೇತ. ಅತ್ತೆ ಅವತ್ತು ಸುಮ್ಮಸುಮ್ಮನೆ ದಾರ ಎಳೆದೆಳೆದು ಸೊಸೆಯನ್ನು ಓಡಾಡಿಸಿದರು. ಅವನು ಬೀದಿಯವರನ್ನೆಲ್ಲ ಕರೆದು ತೋರಿಸಿದ. ನನಗಂತೂ ತೋರಿಸಿದ್ದನ್ನೇ ತೋರಿಸಿದ. ಜೀವಮಾನದಲ್ಲಿ ಅಣ್ಣನ ಬಾಯಲ್ಲಿ ‘ಪರವಾಗಿಲ್ಲ’ ಎನ್ನಿಸಿಕೊಂಡದ್ದು ಆ ಬಲ್ಬಿನಿಂದ.

ಆ ಅನಾಹುತ ಆದ ದಿನ ಹಲ್ಲಕ್ಕ ಹಿಂದಿನ ರಾತ್ರಿಯಿಡೀ ಕೂತು, ಬೆಳಿಗ್ಗೆ ಬಸ್ಸು ಹತ್ತಬೇಕಿದ್ದ ಯಾರಿಗೋ ಎರಡೂ ಸಾಲು ಕಟ್ಟಿ ಮುಗಿಸಿದ್ದಳು. ಮಧ್ಯಾಹ್ನ ಮತ್ತೆ ಮೋಟಾರಿನ ಮುಂದೆ ಕೂತಳು. ಮೊದಲನೇ ಬದಿ ಮುಗಿಯಿತು. ಮೋಟಾರು ನಿಲ್ಲಿಸಿದಳು, ಕಣ್ಣು ಮುಚ್ಚಿದಳು. ವಾದ್ಯಗಳು ಕಳಚಿಕೊಂಡವು, ದನಿ ಒಡೆಯಿತು, ಡ್ರಮ್ಮಿನವನು ತಡವಾಗಿ ಬಂದ, ಹಾಡು ತನ್ನ ಪಾಡಿಗೆ ಮುಗಿಯಿತು. ಹೆಡ್‌ಫೋನ್ ತೆಗೆದಳು. ಬಚ್ಚಲಿನಿಂದ ನರಳಾಟ ಕೇಳಿಸಿತು.

ಅವಳು ಕಿರುಚಿದ್ದಕ್ಕೆ ನನಗೆ ಎಚ್ಚರವಾಗಿ ಓಡಿದೆ. ಅತ್ತೆ ಒದ್ದೆ ನೆಲದ ಮೇಲೆ ಒಂದು ಮಗ್ಗುಲಾಗಿ ಬಿದ್ದಿದ್ದರು. ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಸೊಂಟದ ಮೂಳೆ ಮುರಿದಿತ್ತು.

ಆಸ್ಪತ್ರೆಯಲ್ಲಿ ಗಂಡ ಬಂದವನೇ ತಾಯಿಯನ್ನು ಕೇಳಿದ: "ದಾರ ಎಳೀಲಿಲ್ವಾ ಅಮ್ಮ?"

"ಎಳೆದೆ ಕಣೋ," ಎಂದು ಅತ್ತೆ ಕಣ್ಣು ಮುಚ್ಚಿಕೊಂಡರು.

ಅವನು ಹೆಂಡತಿಯ ಕಡೆ ತಿರುಗಿದ. "ಬಲ್ಬ್ ಹತ್ತಲಿಲ್ವಾ? ಮೋಟಾರ್ ಹಾಕ್ಕೊಂಡು ಕೆಲ್ಸ ಮಾಡ್ತಿದ್ದೆ ಅಲ್ವಾ? ಕಣ್ಣೆದುರಿಗೇ ಇರೋ ಬಲ್ಬು, ಹತ್ತಿದ್ರೆ ಕಾಣ್ದೇ ಇರುತ್ತಾ? ಹತ್ತಿಲ್ಲ ಅದು. ಹತ್ತಿಲ್ಲ ತಾನೇ?"

ಪ್ರಶ್ನೆಯೂ ಅವನದೇ, ಉತ್ತರವೂ ಅವನದೇ. ಅವಳು ಮಾಡಬೇಕಾದದ್ದು ತಲೆಯಾಡಿಸುವುದಷ್ಟೇ. ಆಡಿಸಿದಳು.

"ಜೀವಮಾನದಲ್ಲಿ ಒಂದ್ ಕೆಲ್ಸ ನೆಟ್ಟಗೆ ಮಾಡಿದೀಯೇನೋ?" ಎಂದು ಅವನು ತಮ್ಮನ ಮೇಲೆ ಹರಿಹಾಯ್ದ, ವಾರ್ಡಿಗೆ ವಾರ್ಡೇ ತಿರುಗಿ ನೋಡುವ ಹಾಗೆ. ತಮ್ಮ ಸೀದಾ ಮನೆಗೆ ಹೋಗಿ ದಾರ ಎಳೆದು ನೋಡಿದ. ಬಲ್ಬು ಹತ್ತಿತು. ಮತ್ತೆ ಎಳೆದ, ಮತ್ತೆ ಹತ್ತಿತು.

ಹತ್ತದೆ ಇದ್ದಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತು. ಅತ್ತೆ ಆಪರೇಷನ್ ಮುಗಿಸಿ ಮನೆಗೆ ಬಂದು ನಡುಮನೆಯ ಮಂಚ ಹಿಡಿದ ಮೇಲೂ ಅವನು ಆ ವೈರಿನ ಬೆನ್ನು ಬಿಡಲಿಲ್ಲ. ಬಲ್ಬು ಬದಲಿಸಿದ, ಹೋಲ್ಡರು ಬದಲಿಸಿದ, ಕೊನೆಗೆ ಗೋಡೆ ಒಡೆದು ವೈರನ್ನೇ ಕಿತ್ತು ಅಂಗುಲ ಅಂಗುಲ ಸವರಿ ನೋಡಿದ. "ತಪ್ಪು ಸಿಗ್ತಿಲ್ಲ ಅತ್ತಿಗೆ," ಎಂದು ಬಂದು ಇವಳ ಮುಂದೆಯೇ ಕೂರುತ್ತಿದ್ದ. "ಯಾವಾಗ್ಲೂ ಕೈಕೊಡೋ ವೈರನ್ನ ಹಿಡೀಬಹುದು. ಒಂದೇ ಸಲ ಕೈಕೊಟ್ಟು ಆಮೇಲೆ ಸಾಚಾ ಥರ ಇರೋದನ್ನ ಹಿಡಿಯೋದು ಹೇಗೆ ಹೇಳಿ?" ಅವಳು ಅವನಿಗೆ ಟೀ ಕೊಡುತ್ತಿದ್ದಳು. ಕೊಡಬೇಕಾಗಿದ್ದ ಉತ್ತರವನ್ನು ಮಾತ್ರ ಕೊಡುತ್ತಿರಲಿಲ್ಲ.

ಅವಳ ಹಳೇ ಕ್ಯಾಸೆಟ್ಟು ನವೆದು ಹರಿಯುವಂತಾದಾಗ, ಎಲ್ಲಿಂದಲೋ ಟೇಪ್‌ರೆಕಾರ್ಡರು ಹುಡುಕಿ ತಂದು ಅದನ್ನು ಫೋನಿಗೆ ಇಳಿಸಿಕೊಟ್ಟವನೂ ಇದೇ ಮೈದುನ. ಅತ್ತಿಗೆ ಕೇಳುತ್ತಾರೆಂದು ಮೊದಲಿಂದ ಕೊನೆಯವರೆಗೆ ಪಕ್ಕದಲ್ಲೇ ಕಾದು ಕೂತಿದ್ದನಂತೆ. ಅದು ಅವಳಿಗೆ ಈಗ ಊಟದ ತುತ್ತಿನಲ್ಲೂ ನೆನಪಾಗುತ್ತಿತ್ತು.

ಹೆಡ್‌ಫೋನನ್ನು ಬೀರುವಿನೊಳಗೆ ಹಾಕಿಟ್ಟಳು. ಆದರೆ ಇಷ್ಟು ವರ್ಷ ಒಳಗೆ ಹೋದದ್ದು ಬೀರುವಿಗೆ ಹಾಕಿದರೆ ಹೋಗುತ್ತದೆಯೇ? ಅತ್ತೆಗೆ ಮಾತ್ರೆ ಕೊಡುವಾಗ ತಲೆಯೊಳಗೆ ಆ ಡ್ರಮ್ಮು ತಾನಾಗಿ ಶುರುವಾಗುತ್ತಿತ್ತು. ಒಂದು ದಿನ ಅತ್ತೆಯ ಕಾಲು ಒತ್ತುತ್ತಿರುವಾಗ ತನ್ನ ಬೆರಳುಗಳು ಆ ಹಾಡಿನ ತಾಳ ಹಿಡಿದಿರುವುದು ಕಂಡಿತು. ಬೆಚ್ಚಿಬಿದ್ದು ಕೈ ತೆಗೆದಳು. "ಯಾಕೆ ನಿಲ್ಲಿಸಿದೆ? ಹಾಗೇ ಒತ್ತು, ಹಾಯಾಗಿದೆ," ಎಂದರು ಅತ್ತೆ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತಳು.

ಅವಳಿಗೆ ಇದ್ದ ದೊಡ್ಡ ದಿಗಿಲು ಅತ್ತೆಯದೇ. ಮೋಟಾರು ತಿರುಗಿದರೆ ಆ ಬಚ್ಚಲಿನ ಬಕೆಟ್ಟು ಕೂಡ ಸಣ್ಣಗೆ ನಡುಗುತ್ತದೆ. ಬಿದ್ದುಕೊಂಡಿದ್ದ ಅತ್ತೆಗೆ ಮೋಟಾರು ನಿಂತಿರುವುದು ಗೊತ್ತಾಗದೇ ಇರಲು ಸಾಧ್ಯವೇ ಇಲ್ಲ. ಗೊತ್ತಿದ್ದೂ ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ. ಯಾಕೆ? ಮಂಚದಿಂದ ಅವರು ಕಣ್ಣೆತ್ತಿ ನೋಡಿದಾಗಲೆಲ್ಲ ಇವಳಿಗೆ ‘ನನಗೆ ಗೊತ್ತು ಕಣೇ’ ಎಂದಂತೆ ಕೇಳುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳಿಗೆ ಯಾರೂ ಏನೂ ಅನ್ನದಿದ್ದರೂ ಹೆಗಲು ಮುಟ್ಟಿಕೊಳ್ಳುವುದೇ ಕೆಲಸವಾಯಿತು.

ಇದೆಲ್ಲ ನನಗೆ ಗೊತ್ತಾದದ್ದು ಹೀಗೆ. ನನ್ನ ಕೆಳಗಿನ ಸಾಲು ಒಸಡಿಗೆ ಒತ್ತಿ ಹುಣ್ಣಾಗಿತ್ತು. ಅವಳ ಹತ್ತಿರ ಹೋದೆ. ಹಲ್ಲಿನ ಎರಡೂ ಸಾಲು ತೆಗೆಸಿಕೊಂಡು, ಒತ್ತುವ ಜಾಗಕ್ಕೆ ಗುರುತು ಹಾಕಿ, ಸಣ್ಣ ಕಲ್ಲಿನಿಂದ ತೇಯುತ್ತ ತೇಯುತ್ತ ತಲೆ ಎತ್ತದೆ ಎಲ್ಲ ಹೇಳಿಬಿಟ್ಟಳು. ನನ್ನ ಹಲ್ಲು ಅವಳ ಕೈಯಲ್ಲಿ, ನನ್ನದು ಬೊಚ್ಚುಬಾಯಿ. ಉತ್ತರ ಕೊಡಲಾರೆನೆಂದು ಗೊತ್ತಿದ್ದೇ ಹೇಳಿದಳೆಂದು ಕಾಣುತ್ತದೆ.

"ಕೆಲ್ಸ ಮಾಡ್ತಿದ್ದೆ ಅಂದ್ರೆ ಯಾರೂ ಏನೂ ಅನ್ನಲ್ಲ ಮಾಮ. ಸುಸ್ತಾಗಿತ್ತು, ಕಣ್ಣು ಹತ್ತಿತು ಅಂದ್ರೂ ಅಯ್ಯೋ ಪಾಪ ಅಂತಾರೆ. ಹಾಡು ಕೇಳ್ತಿದ್ದೆ ಅಂತ ಹೇಗೆ ಹೇಳ್ಲಿ? ಅವರು ಅಲ್ಲಿ ಒದ್ದೆ ನೆಲದ ಮೇಲೆ ಬಿದ್ದಿದ್ರು, ನಾನು ಇಲ್ಲಿ ಸುಖವಾಗಿದ್ದೆ. ಸುಖವಾಗೇ ಇದ್ದೆ ಮಾಮ, ಅದನ್ನೂ ಸುಳ್ಳು ಹೇಳೋಕಾಗಲ್ಲ. ಆ ಡ್ರಮ್ಮಿನವನು ತಡವಾಗಿ ಬಂದ್ರೆ ಅದು ಹಾಡು. ನಾನು ತಡವಾಗಿ ಹೋದ್ರೆ ಅತ್ತೆ ಸೊಂಟ."

ಹಲ್ಲು ಕೈಗೆ ಕೊಟ್ಟಳು. ಹಾಕಿಕೊಂಡೆ. ಹಾಕಿಕೊಂಡ ಮೇಲೆ ಹಿರಿಯತನ ತಾನಾಗಿ ಬಂತು. "ಸುಮ್ನಿದ್ಬಿಡು," ಎಂದೆ. "ಆಗಿದ್ದು ಆಗಿಹೋಯ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಿನ್ನ ಗಂಡನ ಬಾಯಿ ನಿನಗೆ ಗೊತ್ತಿಲ್ವಾ?"

"ಒಡೀತಿರೋದು ನಂದಾಗಿದ್ರೆ ಸುಮ್ನಿರ್ತಿದ್ದೆ ಮಾಮ," ಎಂದಳು. "ಮೈದುನಂದು."

ವಿಷಯವೇನೆಂದರೆ, ಊರಿನ ಹೊಸ ನರ್ಸಿಂಗ್ ಹೋಮಿನಲ್ಲಿ ಪ್ರತಿ ಮಂಚಕ್ಕೂ ಕರೆಗಂಟೆಯ ವೈರು ಎಳೆಯುವ ಕೆಲಸ ಅರೆಬರೆಗೆ ಸಿಗುವುದರಲ್ಲಿತ್ತು. ಈ ಬಲ್ಬಿನ ಉಪಾಯವನ್ನು ನೋಡಿಯೇ ಯಾರೋ ಅವನ ಹೆಸರು ಹೇಳಿದ್ದರು. ಮೊದಲ ದೊಡ್ಡ ಕೆಲಸ. ಈಗ ಅವನು ಬೇಡ ಎನ್ನುತ್ತಿದ್ದ. "ಹೆತ್ತ ತಾಯಿಗೆ ಒಂದು ಬಲ್ಬು ಉರಿಸೋಕಾಗದವನು ಆಸ್ಪತ್ರೆಗೆ ಗಂಟೆ ಕಟ್ಟೋದಾ? ಅಲ್ಲೊಬ್ರು ಒತ್ತಿ, ಅದು ಹೊಡ್ಕೊಳ್ದೆ, ಅವರ ಪ್ರಾಣ ಹೋದ್ರೆ?" ಎಂದು ಅತ್ತಿಗೆಯ ಹತ್ತಿರ ಹೇಳಿದ್ದನಂತೆ. ಮರುದಿನ ಬೆಳಿಗ್ಗೆ ಹೋಗಿ ಆಗುವುದಿಲ್ಲವೆಂದು ತಿಳಿಸಿ ಬರುವವನಿದ್ದ. ಅಷ್ಟೇ ಅಲ್ಲ, ಈ ಕಸುಬನ್ನೇ ಬಿಟ್ಟು ಅಣ್ಣನ ಕಾರಿನಲ್ಲಿ ಎಣ್ಣೆ ನೀರು ನೋಡಿಕೊಂಡಿರುತ್ತೇನೆಂದೂ ಹೇಳುತ್ತಿದ್ದ.

ಆ ಸಂಜೆ ಎಂದಿನಂತೆ ನಾನು ಅತ್ತೆಯ ಮಂಚದ ಪಕ್ಕ ಕೂತಿದ್ದೆ. ಅವರಿಗೆ ದಿನದ ಪೇಪರ್ ಓದಿ ಹೇಳುವುದು ನನ್ನ ಪಾಲಿಗೆ ಬಂದಿತ್ತು. ದೊಡ್ಡ ಮಗ ಚಪ್ಪಲಿ ಬಿಡುತ್ತಿದ್ದ. ಅರೆಬರೆ ನೆಲದ ಮೇಲೆ ಕೂತು, ಗೋಡೆಯಿಂದ ಕಿತ್ತ ವೈರನ್ನು ಸುಮ್ಮನೆ ಸುತ್ತಿ ಬಿಚ್ಚಿ ಮಾಡುತ್ತಿದ್ದ. ಹಲ್ಲಕ್ಕ ಕೈಯ ಪ್ಲಾಸ್ಟರನ್ನೂ ತೊಳೆಯದೆ ಒಳಗಿನಿಂದ ಬಂದು ನಡುಮನೆಯ ಮಧ್ಯದಲ್ಲಿ ನಿಂತಳು.

"ಬಲ್ಬು ಸರಿಯಾಗೇ ಇತ್ತು," ಎಂದಳು. "ಅವತ್ತು ಮೋಟಾರ್ ನಿಂತಿತ್ತು. ನಾನು ಕಣ್ಣು ಮುಚ್ಕೊಂಡು ಕೂತಿದ್ದೆ. ಹತ್ತಿದ್ರೂ ನನಗೆ ಕಾಣ್ತಿರಲಿಲ್ಲ. ಇವನದೇನೂ ತಪ್ಪಿಲ್ಲ."

ಗಂಡನಿಗೆ ಬ್ರೇಕು ಸಿಗಲಿಲ್ಲ. "ಅಂದ್ರೆ? ಕಣ್ಣು ಮುಚ್ಕೊಂಡು ಅಂದ್ರೆ ಏನು, ನಿದ್ದೆ ಮಾಡ್ತಿದ್ದೆ ಅಂತ ತಾನೇ? ಅಮ್ಮ ಅಲ್ಲಿ ಬಿದ್ದಿದ್ರೆ ನೀನು..."

"ಬಾಯ್ಮುಚ್ಚೋ!"

ಕೂಗಿದವರು ಅತ್ತೆ. ಮೂಳೆ ಮುರಿದ ಮೇಲೆ ಆ ದನಿ ನಾವು ಕೇಳಿರಲಿಲ್ಲ. "ಇದಕ್ಕೇ ನಾನು ಬಾಯಿಬಿಡ್ಲಿಲ್ಲ," ಎಂದರು. "ಬಲ್ಬು ಹತ್ತಿತ್ತು. ನಾನೇ ನೋಡಿದೀನಿ. ದಾರ ಎಳೆದಾಗ ಬಚ್ಚಲ ಎದುರಿಗಿರೋ ಇವಳ ಕೋಣೆ ಬಾಗಿಲ ಮೇಲಿನ ಗಾಜು ಕೆಂಪಗಾಯ್ತು. ಮೋಟಾರ್ ಶಬ್ದ ಇಲ್ಲ. ರಾತ್ರಿಯೆಲ್ಲಾ ಎದ್ದಿದ್ಲಲ್ಲ, ಈಗ ಪಾಪ ಕೂತಲ್ಲೇ ಕಣ್ಣು ಹತ್ತಿರ್ಬೇಕು ಅಂದ್ಕೊಂಡೆ. ದಾರ ಬಿಟ್ಬಿಟ್ಟೆ."

"ಅಮ್ಮಾ!" ಎಂದು ಅರೆಬರೆ ಎದ್ದೇ ನಿಂತ. "ಹತ್ತಿದ್ದು ನಿನಗೆ ಗೊತ್ತಿತ್ತಾ? ಗೋಡೆ ಒಡೆದೆನಲ್ಲಮ್ಮ ನಾನು!"

"ಹತ್ತಿತ್ತು ಅಂದಿದ್ರೆ ಇವಳು ಮಲಗಿದ್ಲು ಅಂತ ಗೊತ್ತಾಗಿ ನಿಮ್ಮಣ್ಣ ಇವಳನ್ನ ಹುರಿದು ತಿಂತಿದ್ದ. ನೀನಾದ್ರೆ ಬೈಸ್ಕೊಂಡು ರೂಢಿ ಇದೆ ಅಂದ್ಕೊಂಡೆ," ಎಂದರು ತಾಯಿ. ಹೇಳುತ್ತ ಅವರ ಮುಖ ಸಣ್ಣಗಾಯಿತು. "ಗೋಡೆವರೆಗೂ ಹೋಗ್ತೀಯ ಅಂತ ಅಂದ್ಕೊಂಡಿರಲಿಲ್ಲ ಕಣೋ ಮಗನೇ. ನಾಳೆ ಹೋಗಿ ಆ ಕೆಲ್ಸ ಒಪ್ಕೊಂಡು ಬಾ. ನನ್ನಾಣೆ."

ಅವನು ನಗುವುದೋ ಅಳುವುದೋ ತಿಳಿಯದೆ ಕೈಯಲ್ಲಿದ್ದ ವೈರನ್ನೇ ನೋಡಿದ. ಮರುದಿನ ಹೋಗಿ ಒಪ್ಪಿಕೊಂಡೂ ಬಂದ, ಅದು ಬೇರೆ ಮಾತು. ಅಲ್ಲಿಗೆ ಎಲ್ಲ ಸರಿಹೋಗಬಹುದಿತ್ತು. ಗಂಡ ತಣ್ಣಗಾಗಿದ್ದ, ಮೈದುನ ಗೆದ್ದಿದ್ದ, ಅತ್ತೆಯ ಬಾಯಿಂದಲೇ ಕ್ಷಮೆ ಬಂದಿತ್ತು. ಹಲ್ಲಕ್ಕ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ನಾನು ಕಣ್ಣಲ್ಲೇ ಸನ್ನೆ ಮಾಡಿದೆ, ಸಾಕು ನಿಲ್ಲಿಸು ಎಂದು.

ಆದರೆ ಅತ್ತೆ ಇನ್ನೂ ಮುಗಿಸಿರಲಿಲ್ಲ. "ಕೂಗಿದ್ರೆ ಇವಳಿಗೆ ಎಚ್ಚರ ಆಗುತ್ತೆ ಅಂತ ಟವೆಲ್ ಕಚ್ಕೊಂಡು ಬಿದ್ದಿದ್ದೆ," ಎಂದರು ನನ್ನ ಕಡೆ ತಿರುಗಿ, ದೊಡ್ಡ ವಿಷಯವೇನಲ್ಲ ಎಂಬಂತೆ. "ಈ ಮನೇಲಿ ಅವಳನ್ನ ಒಂದು ಗಳಿಗೆ ಮಲಗೋಕೆ ಯಾರು ಬಿಡ್ತಾರೆ ಹೇಳಿ. ಒಂದು ನಿದ್ದೆ ಆಗ್ಲಿ, ಆಮೇಲೆ ಕರೆದ್ರಾಯ್ತು ಅಂದ್ಕೊಂಡೆ. ಮೂಳೆ ಮುರಿದಿರೋದು ನನಗೇನು ಗೊತ್ತು?"

ಹಲ್ಲಕ್ಕನ ಮುಖವನ್ನು ನಾನು ಆಗ ನೋಡಬಾರದಿತ್ತು. ಅವಳು ಬೈಗುಳಕ್ಕೆ ತಯಾರಾಗಿ ಬಂದಿದ್ದಳು. ಇದಕ್ಕಲ್ಲ.

"ನಿದ್ದೆ ಮಾಡ್ತಿರಲಿಲ್ಲ ಅತ್ತೆ," ಎಂದಳು.

"ಹಾಂ?"

"ನಿದ್ದೆ ಅಲ್ಲ. ಎಚ್ಚರವಾಗೇ ಇದ್ದೆ. ಹಾಡು ಕೇಳ್ತಿದ್ದೆ."

  ಅತ್ತೆ ಸೊಸೆಯನ್ನೇ ನೋಡಿದರು. ಕಚ್ಚಿಕೊಂಡಿದ್ದ ಆ ಟವೆಲು ಅವರಿಗೆ ನೆನಪಾಗುತ್ತಿರಬೇಕು. ನೋವಾಯಿತು ಅವರಿಗೆ, ಚೆನ್ನಾಗಿಯೇ ಆಯಿತು. ಮುಖದ ಮೇಲೆ ಅದು ಬಂದು ಹೋದದ್ದನ್ನು ನಾನು ಕಂಡೆ. ಆಮೇಲೆ ಕೇಳಿದರು.

"ಚೆನ್ನಾಗಿತ್ತಾ?"

ಕೊಂಕಿರಲಿಲ್ಲ ಆ ಮಾತಿನಲ್ಲಿ. ಕರುಣೆಯೂ ಇರಲಿಲ್ಲ. ತಿಳಿದುಕೊಳ್ಳಲೇಬೇಕು ಎಂದು ಕೇಳಿದ ಹಾಗಿತ್ತು. ಇಲ್ಲ ಎಂದಿದ್ದರೆ, ಏನೋ ಹಾಳು ಹಾಡು ಅತ್ತೆ ಎಂದಿದ್ದರೆ, ಅಲ್ಲಿಗೆ ಮುಗಿಯುತ್ತಿತ್ತು. ಆ ಆಲ್ಬಂ ಬಗ್ಗೆ ನನ್ನ ಮುಂದೆ ಗಂಟೆಗಟ್ಟಲೆ ಮಾತಾಡಿದ್ದವಳು ನೆಲ ನೋಡುತ್ತ ನಿಂತಿದ್ದಳು.

"ಹೂಂ ಅತ್ತೆ," ಎಂದಳು. "ತುಂಬಾ ಚೆನ್ನಾಗಿತ್ತು."

"ಸದ್ಯ," ಎಂದರು ಅತ್ತೆ, ತಲೆಯನ್ನು ದಿಂಬಿಗೆ ಒರಗಿಸಿ. "ಅಷ್ಟಾದ್ರೂ ಆಯ್ತಲ್ಲ."

ಹಲ್ಲಕ್ಕ ಮಂಚದ ಕಾಲಿಗೆ ತಲೆಯಿಟ್ಟು ನೆಲದ ಮೇಲೆ ಕೂತುಬಿಟ್ಟಳು. ಅತ್ತೆಯ ಮುಂದೆ ಅಳಲು ತನಗೆ ಮುಖವಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಅಳು ತಡೆಯಲಾಗಲಿಲ್ಲ.